ಸತ್ತನೆಂದು ಬರೆಸಿದ ಮಗ ಗಂಜ್ ಮಾರುಕಟ್ಟೆಗೆ ಬಂದರೆ? ಕಲಬುರಗಿ ಹಿನ್ನೆಲೆಯ ಸಸ್ಪೆನ್ಸ್ ಕಾದಂಬರಿಗೆ ಸಲಹೆ ಬೇಕು

ತೊಗರಿ ಹೊಲ:
ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅರ್ಧಕ್ಕೆ ಬಂದು ನಿಂತಿದೆ. ನಮ್ಮ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ ಎಂದು ಕೇಳುತ್ತಿದ್ದೇನೆ.

ಕಥೆ ಇಷ್ಟು. 2023ರ ಡಿಸೆಂಬರ್. ಕಲಬುರಗಿಯ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೊಸ ತೊಗರಿ ಬರತೊಡಗಿದೆ. ಮಲ್ಲಪ್ಪ ಎಂದು ಹೇಳಿಕೊಳ್ಳುವ ಮೂವತ್ತಾರು ವರ್ಷದ ಹಮಾಲನೊಬ್ಬ ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರುತ್ತಾನೆ. ಆ ಅಂಗಡಿ, ಊರ ಹೊರಗಿನ ದಾಲ್ ಮಿಲ್, ಎರಡೂ ಒಬ್ಬನೇ ಸಾವಕಾರನವು. ಮಲ್ಲಪ್ಪ ಕುಡಿಯುವುದಿಲ್ಲ, ಜಗಳಕ್ಕೆ ಹೋಗುವುದಿಲ್ಲ, ಎಣಿಕೆಯಲ್ಲಿ ಒಂದು ಚೀಲ ತಪ್ಪುವುದಿಲ್ಲ. ಹಂಗಾಮು ಮುಗಿಯುವಷ್ಟರಲ್ಲಿ ಸಾವಕಾರ ಗೋದಾಮಿನ ಕೀಲಿಯನ್ನೇ ಅವನ ಕೈಗೆ ಕೊಡುತ್ತಾನೆ.

ಅವನ ನಿಜವಾದ ಹೆಸರು ಬೇರೆ. ಅವನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ರೈತನ ಮಗ. ಕೈಬರಹದ ಪಹಣಿಗಳನ್ನು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸುತ್ತಿದ್ದ ಕಾಲದಲ್ಲಿ ಅವರ ಎಂಟು ಎಕರೆಯ ಮುಂದೆ ಸಾವಕಾರನ ಕಡೆಯವನೊಬ್ಬನ ಹೆಸರು ಬಂದು ಕುಳಿತಿತ್ತು. ಆ ನೆಲದಡಿ ಸುಣ್ಣದ ಕಲ್ಲು ಇದೆ. ಅಪ್ಪ ತಾಲ್ಲೂಕು ಕಚೇರಿಗೆ ಅಲೆದು ಹೆಸರನ್ನು ತಿದ್ದಿಸಿಕೊಂಡ. ತಿದ್ದುಪಡಿಯಾದ ವಾರದಲ್ಲೇ, 2001ರ ಮೇ ತಿಂಗಳ ಒಂದು ಬೆಳಿಗ್ಗೆ, ಪಾಳು ಫರಸಿ (ಚಪ್ಪಡಿ ಕಲ್ಲು) ಗಣಿಯ ನೀರಿನಲ್ಲಿ ಅವನ ಹೆಣ ಸಿಕ್ಕಿತು. ಕಾಲು ಜಾರಿ ಬಿದ್ದನೆಂದು ಪಂಚನಾಮೆ ಆಯಿತು. ಹಿಂದಿನ ರಾತ್ರಿ ಏನನ್ನೋ ಕಂಡಿದ್ದ ಹದಿನಾಲ್ಕರ ಹುಡುಗ ವಾಡಿಯಲ್ಲಿ ರೈಲು ಹತ್ತಿ ಮಾಯವಾದ. ಕೆಲವು ವರ್ಷಗಳ ಮೇಲೆ ಅವನೂ ಸತ್ತನೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಹೊಲ ಸಾವಕಾರನ ಪಾಲಾಯಿತು.

ಈಗ ಅವನು ಬಂದಿದ್ದಾನೆ. ಓದುಗರಿಗೆ ಇದು ಇನ್ನೂರನೆಯ ಪುಟದಲ್ಲಿ ತಿಳಿಯಬೇಕು. ಆದರೆ ಹಸ್ತಪ್ರತಿ ಓದಿದ ಇಬ್ಬರು ಗೆಳೆಯರೂ ಮೂವತ್ತನೆಯ ಪುಟದಲ್ಲೇ ಕಂಡುಹಿಡಿದರು. ಇದನ್ನು ಮುಚ್ಚುವುದು ಹೇಗೆ? ನಡುವಿನ ವರ್ಷಗಳಲ್ಲಿ ಅವನನ್ನು ಎಲ್ಲಿ ಇಡಲಿ? ಕೊನೆಗೆ ಸಾವಕಾರನನ್ನು ಕೊಲ್ಲಬೇಕೋ ಬೇಡವೋ?

ಗಂಜ್ ಗುಮಾಸ್ತ:
ತಮ್ಮಾ, ನಿನ್ನ ಮಲ್ಲಪ್ಪ ಗಂಜಿನೊಳಗೆ ಬಂದದ್ದಾದರೂ ಹೇಗೆ? ಮೊದಲು ಅದನ್ನು ಹೇಳು. ಸಿನಿಮಾದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವನಿಗೆ ಸೇಠ್‌ಜಿ ಕೆಲಸ ಕೊಟ್ಟುಬಿಡುತ್ತಾನೆ. ಇಲ್ಲಿ ಹಮಾಲರಿಗೆ ಎಪಿಎಂಸಿಯ (ಕೃಷಿ ಮಾರುಕಟ್ಟೆ ಸಮಿತಿಯ) ಪರವಾನಗಿ ಇರುತ್ತದೆ, ಗುಂಪು ಇರುತ್ತದೆ, ಗುಂಪಿಗೊಬ್ಬ ಮುಕಾದಮ ಇರುತ್ತಾನೆ. ಮುಕಾದಮ ಕೇಳುವ ಮೊದಲ ಪ್ರಶ್ನೆ ‘ಯಾವ ಊರು’, ಎರಡನೆಯದು ‘ಯಾರ ಮಗ’. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವನಿಗೆ ನಿನ್ನ ಸೋದರಮಾವನ ಹೆಸರೂ ಗೊತ್ತಾಗಿರುತ್ತದೆ. ಅಫಜಲಪುರದವನು ಎಂದರೆ ಅಫಜಲಪುರದವನೊಬ್ಬ ಅಲ್ಲೇ ಚೀಲ ಹೊರುತ್ತಿರುತ್ತಾನೆ. ಆಳಂದದವನು ಎಂದರೂ ಅದೇ ಕಥೆ. ಒಬ್ಬರು ‘ಇವನು ನನಗೆ ಗೊತ್ತು’ ಎನ್ನದೆ ಯಾರೂ ಗುಂಪಿಗೆ ಸೇರುವುದಿಲ್ಲ.

ಹಾಗಾದರೆ ಮಲ್ಲಪ್ಪನನ್ನು ಗೊತ್ತು ಎಂದವರು ಯಾರು? ಇದಕ್ಕೆ ಉತ್ತರವಿಲ್ಲದಿದ್ದರೆ ನಿನ್ನ ಕಾದಂಬರಿಯನ್ನು ಗಂಜಿನವರು ಯಾರೂ ನಂಬುವುದಿಲ್ಲ.

ಇನ್ನೊಂದು ಮಾತು. ಹಮಾಲನಿಗೆ ಗೋದಾಮಿನ ಕೀಲಿ ಸಿಗಬಹುದು, ಖಾತೆ ಪುಸ್ತಕ ಸಿಗುವುದಿಲ್ಲ. ಸಾವಕಾರನ ಜೀವ ಗೋದಾಮಿನಲ್ಲಿ ಇರುವುದಿಲ್ಲ, ಖಾತೆಯಲ್ಲಿರುತ್ತದೆ. ಯಾವ ರೈತನಿಗೆ ಎಷ್ಟು ಮುಂಗಡ, ಯಾರ ತೂಕದಲ್ಲಿ ಎಷ್ಟು ಕಡಿತ, ಬಿಲ್ ಇಲ್ಲದೆ ಎಷ್ಟು ಮಾಲು ಹೋಯಿತು, ಎಲ್ಲವೂ ಅಲ್ಲಿದೆ.

ರಾತ್ರಿ ರೈಲು:
ಇಷ್ಟು ಲೆಕ್ಕ ಹಾಕಿದರೆ ಥ್ರಿಲ್ಲರ್ ಬರೆಯುವುದಕ್ಕೆ ಆಗುವುದಿಲ್ಲ, ಬ್ಯಾಂಕಿನ ವರದಿ ಬರೆಯಬಹುದು. ನನಗೆ ಬೇಕಾದದ್ದು ವೇಗ. ವಾಡಿ ಜಂಕ್ಷನ್ನಿನಲ್ಲಿ ನಡುರಾತ್ರಿ ಒಂದು ಬೆನ್ನಟ್ಟುವ ದೃಶ್ಯ ಇಡಿ. ಒಂದು ಕಡೆ ಮುಂಬೈ, ಒಂದು ಕಡೆ ಸಿಕಂದರಾಬಾದ್, ಒಂದು ಕಡೆ ಬೆಂಗಳೂರು. ಮೂರೂ ದಿಕ್ಕಿನ ರೈಲು ಅಲ್ಲಿ ಸಿಗುತ್ತದೆ. ಓಡಿದವನು ಯಾವ ರೈಲು ಹತ್ತಿದ ಎಂಬುದು ಬೆನ್ನಟ್ಟಿದವನಿಗೆ ತಿಳಿಯಬಾರದು. ಕೊನೆಗೆ ಸಾವಕಾರ ಅದೇ ಗಣಿಯ ನೀರಿನಲ್ಲೇ ಮುಳುಗಬೇಕು. ಇಲ್ಲದಿದ್ದರೆ ಓದಿದವರಿಗೆ ದುಡ್ಡು ವಸೂಲಾಗುವುದಿಲ್ಲ.

ಫರಸಿ ಕಲ್ಲು:
ಗಣಿಯ ನೀರಿನ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಮನೆಯವರೆಲ್ಲ ಶಹಾಬಾದ್ ಕಡೆ ಕಲ್ಲಿನ ಕೆಲಸದಲ್ಲೇ ಇದ್ದವರು.

ಕಾದಂಬರಿಕಾರರು ಗಣಿ ಎಂದರೆ ಬೆಟ್ಟ ಕೊರೆದ ಗುಹೆ ಎಂದುಕೊಂಡಿರುತ್ತಾರೆ. ಫರಸಿ ಗಣಿ ಹಾಗಲ್ಲ. ಸಪಾಟಾದ ನೆಲವನ್ನೇ ಕೆಳಕ್ಕೆ ಅಗೆಯುತ್ತಾ ಹೋಗುವುದು. ಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಉಳಿ, ಸುತ್ತಿಗೆ, ಹಾರೆಯಿಂದ ಒಂದೊಂದೇ ಪದರವನ್ನು ಎಬ್ಬಿಸುತ್ತಾರೆ. ಮಾರಾಟಕ್ಕೆ ಬಾರದ ತುಂಡುಗಳನ್ನು ಅಂಚಿನಲ್ಲೇ ರಾಶಿ ಹಾಕುತ್ತಾರೆ. ಕೆಲಸ ನಿಂತ ಮೇಲೆ ಮಳೆನೀರು ತುಂಬಿಕೊಳ್ಳುತ್ತದೆ. ಗೋಡೆ ನೆಟ್ಟಗೆ ಇದ್ದರೂ ಪದರದ ಅಂಚುಗಳು ಮೆಟ್ಟಿಲಿನಂತೆ ಚಾಚಿಕೊಂಡಿರುತ್ತವೆ; ಪ್ರಜ್ಞೆ ಇದ್ದವನು ಅವನ್ನು ಹಿಡಿದು ಮೇಲೆ ಬರುವ ಸಾಧ್ಯತೆ ಬಹಳ.

ಇನ್ನು ಮೇ ತಿಂಗಳು. ನಮ್ಮಲ್ಲಿ ಬಿಸಿಲು ನಲವತ್ತೆರಡು ಡಿಗ್ರಿ ದಾಟುವ ಕಾಲ. ಎಷ್ಟೋ ಗಣಿಗಳ ತಳ ಆಗ ಒಡೆದು ಬಿರಿದಿರುತ್ತದೆ. ತೀರಾ ಆಳದವುಗಳಲ್ಲಿ ಮಾತ್ರ ನೀರು ಉಳಿದಿರುತ್ತದೆ. ಹಾಗಿರುವಾಗ ರೈತನೊಬ್ಬ ರಾತ್ರಿ ಹೊತ್ತು ತನ್ನ ಹೊಲದ ದಾರಿ ಬಿಟ್ಟು, ನೀರಿರುವ ಆ ಒಂದೇ ಗಣಿಯನ್ನು ಹುಡುಕಿಕೊಂಡು ಹೋಗಿ ಕಾಲು ಜಾರಿಸಿಕೊಂಡನೇ? ಪಂಚನಾಮೆಗೆ ಸಹಿ ಹಾಕಿದ ಪಂಚರು ಊರಿನವರೇ ಆಗಿದ್ದರೆ ಅವರಿಗೆ ಈ ಅನುಮಾನ ಬಾರದಿರಲು ಸಾಧ್ಯವೇ ಇಲ್ಲ. ಮೇ ತಿಂಗಳನ್ನು ಬದಲಿಸಬೇಡಿ. ನಿಮ್ಮ ಕಥೆಯಲ್ಲಿ ಬಿರುಕು ಬಿಡುವ ಮೊದಲ ಕಲ್ಲು ಅದೇ.

ಕೋಟೆ ಕಂದಕ:
ಬೀದರಿನಿಂದ. ನೀವು ಪಹಣಿಯಲ್ಲಿ ಹೆಸರು ಬದಲಾಯಿಸಿದ್ದನ್ನು ಓದಿ ನಮ್ಮೂರಿನ ಹಳೆಯ ಕಥೆ ನೆನಪಾಯಿತು. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನನನ್ನು ಕೆಡವಿದ್ದು ಕತ್ತಿಯಲ್ಲ, ಮೊಹರು. ಅವನ ಮೊಹರು ಕಾಯುತ್ತಿದ್ದವನಿಗೆ ಲಂಚ ಕೊಟ್ಟು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒಡಿಶಾದ ದೊರೆಗೆ ಬರೆದ ರಾಜದ್ರೋಹದ ಪತ್ರವನ್ನು ತುಂಬಿಸಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈಗಿಟ್ಟರು. ಮೊಹರು ನಿನ್ನದೇ ಹೌದೇ ಎಂದು ಸುಲ್ತಾನ ಕೇಳಿದ. ಮೊಹರು ನನ್ನದು, ಪತ್ರ ನನ್ನದಲ್ಲ ಎಂದ ಗವಾನ್. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಸಂಚಿನ ಮುಂದಾಳು ಮಲಿಕ್ ಹಸನ್ ಕೆಲವು ವರ್ಷಗಳಲ್ಲಿ ತಾನೂ ಕೊಲೆಯಾದ. ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಮಿನಾರು ಇಂದಿಗೂ ನಿಂತಿದೆ; ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವವರಲ್ಲಿ ಎಷ್ಟು ಮಂದಿಗೆ ಈ ಖಾಲಿ ಕಾಗದದ ಕಥೆ ಗೊತ್ತಿದೆಯೋ.

ಸೇಡಿನ ಕಥೆ ಬೇಕಾದರೆ ಕಲಬುರಗಿ ಕೋಟೆಯಲ್ಲೇ ಒಂದಿದೆ. 1397ರಲ್ಲಿ ತಘಲ್ಚಿನ್ ಎಂಬ ತುರ್ಕಿ ಗುಲಾಮ ತನಗೆ ದೊಡ್ಡ ಹುದ್ದೆ ಸಿಗಲಿಲ್ಲವೆಂದು ಸುಲ್ತಾನ ಘಿಯಾಸುದ್ದೀನನನ್ನು ಔತಣಕ್ಕೆ ಕರೆದು ಕಣ್ಣು ಕೀಳಿಸಿದ. ಪಟ್ಟಕ್ಕೆ ಬಂದು ಎರಡು ತಿಂಗಳೂ ಆಗದ ಹುಡುಗ ಅವನು. ಅದೇ ವರ್ಷ ಫಿರೋಜ್ ಶಾಹ್ ಅಧಿಕಾರ ಹಿಡಿದಾಗ ತಘಲ್ಚಿನ್‌ನನ್ನು ಆ ಕುರುಡನ ಮುಂದೆ ತಂದು ನಿಲ್ಲಿಸಿ ಕತ್ತಿ ಕೊಟ್ಟರು. ಕಣ್ಣಿಲ್ಲದವನು ಕತ್ತಿ ಬೀಸಿ ಕೊಂದ. ಗಮನಿಸಿ, ಕತ್ತಿ ಬೀಸಿದ್ದು ಕುರುಡನಾದರೂ ಅವನ ಕೈಗೆ ಕತ್ತಿ ಇತ್ತವನಿಗೆ ಸಿಂಹಾಸನ ಸಿಕ್ಕಿತು. ನಿಮ್ಮ ಮಲ್ಲಪ್ಪನ ಸೇಡಿನಿಂದ ಯಾರಿಗೆ ಲಾಭ ಎಂದು ಯೋಚಿಸಿದ್ದೀರಾ?

ನಡುವಿನ ವರ್ಷಗಳಿಗೆ ಅವನನ್ನು ಬೀದರಿಗೆ ಕಳಿಸಿ. ಒಂದೇ ಬೀದಿಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ನಡೆಯುತ್ತವೆ. ಮಾತಿನ ಧಾಟಿಯಿಂದ ಯಾರನ್ನೂ ಹಿಡಿಯಲಾಗುವುದಿಲ್ಲ. ಆದರೆ ದಯವಿಟ್ಟು ಅವನನ್ನು ಬಿದ್ರಿ ಕೆಲಸಗಾರನನ್ನಾಗಿ ಮಾಡಬೇಡಿ. ಬೀದರ್ ಎಂದ ಕೂಡಲೇ ಕೋಟೆಯ ಮಣ್ಣು, ಕಪ್ಪು ಹೂಜಿ, ಬೆಳ್ಳಿ ತಂತಿ ಎಂದು ಬರೆಯುವವರನ್ನು ಓದಿ ಸಾಕಾಗಿದೆ.

ರಾತ್ರಿ ರೈಲು:
ಭೀಮಾ ತೀರಕ್ಕೆ ಕಳಿಸಿದರೆ ಆಗದೇ? ಅಲ್ಲಿ ಬಂದೂಕಿಗೆ ಬರವಿಲ್ಲ.

ಗಂಜ್ ಗುಮಾಸ್ತ:
ಬೇಡಪ್ಪಾ ಬೇಡ. ಆ ಹೊಳೆಯ ದಂಡೆಯಲ್ಲಿ ಕಬ್ಬು ಬೆಳೆಯುವವರು, ತೊಗರಿ ಬಿತ್ತುವವರು, ಶಾಲೆ ನಡೆಸುವವರು ಇದ್ದಾರೆಂದು ಕಥೆ ಬರೆಯುವವರಿಗೆ ಯಾವಾಗ ತಿಳಿಯುತ್ತದೋ! ಬಂದೂಕು ಬೇಕಾದರೆ ನೀನೇ ಒಂದು ಬೇರೆ ಕಾದಂಬರಿ ಬರೆ.

ಅದೇ ಹೊಳೆಯ ಮೇಲೆ ಗಾಣಗಾಪುರವೂ ಇದೆ. ಭೀಮಾ–ಅಮರ್ಜಾ ಸಂಗಮ, ದತ್ತನ ಪಾದುಕೆ. ಅಲ್ಲಿ ಐದು ಮನೆಯ ಮಧುಕರಿ (ಭಿಕ್ಷೆ) ಬೇಡುವುದು ಸೇವೆ. ಮಧ್ಯಾಹ್ನ ಜೋಳಿಗೆ ಹಿಡಿದು ನಿಂತವನನ್ನು ಯಾವ ಊರೆಂದು ಯಾರೂ ಕೇಳುವುದಿಲ್ಲ, ಲಕ್ಷಾಧೀಶನೂ ಬೇಡುತ್ತಾನೆ. ಮಲ್ಲಪ್ಪ ಇಷ್ಟು ವರ್ಷ ಮುಂಬೈಯಲ್ಲಿದ್ದ ಎಂದಿಟ್ಟುಕೋ; ಅಲ್ಲಿಂದ ನೇರ ಗಂಜಿಗೆ ಬರದೆ ಕೆಲವು ದಿನ ಗಾಣಗಾಪುರದಲ್ಲಿ ನಿಲ್ಲಲಿ. ನಮ್ಮ ಜಿಲ್ಲೆಯಲ್ಲಿ ಹೆಸರು ಹೇಳದೆ ಉಣ್ಣಬಹುದಾದ ಜಾಗ ಅದೊಂದೇ.

ಸುರಪುರದ ಸೊಸೆ:
ಎಲ್ಲರೂ ಕಲ್ಲು, ಕತ್ತಿ, ರೈಲು ಎನ್ನುತ್ತಿದ್ದೀರಿ. ಆ ಹುಡುಗನಿಗೆ ತಾಯಿ ಇರಲಿಲ್ಲವೇ?

ಗಂಡ ಸತ್ತ, ಮಗ ಕಾಣೆಯಾದ, ಹೊಲ ಹೋಯಿತು. ಅಂಥ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ನಮ್ಮ ಕಡೆ ಅಂಥವರನ್ನು ನಾನು ಕಂಡದ್ದು ಗಂಜಿನಲ್ಲೇ. ಕಾಳು ಹಸನು ಮಾಡಿಕೊಂಡು, ಸುರಿದದ್ದನ್ನು ಕಸಬರಿಗೆಯಿಂದ ಬಳಿದು ಮೊರದಲ್ಲಿ ಕೇರಿಕೊಂಡು ದಿನ ಕಳೆಯುತ್ತಾರೆ. ಮಲ್ಲಪ್ಪ ಚೀಲ ಹೊತ್ತು ಹಾಯುವ ದಾರಿಯಲ್ಲೇ ಅವಳು ಕೂತಿರಲಿ. ಇಪ್ಪತ್ತೆರಡು ವರ್ಷವಾಗಿರಲಿ, ಗಡ್ಡ ಬಂದಿರಲಿ, ಹೆಸರು ಬದಲಾಗಿರಲಿ. ಹೆತ್ತವಳಿಗೆ ನಡಿಗೆ ಸಾಕು. ಮೊದಲ ದಿನವೇ ಗುರುತಿಸುತ್ತಾಳೆ, ತಲೆ ಬಗ್ಗಿಸಿ ಕಾಳು ಕೇರುತ್ತಾಳೆ. ಅವಳು ಗುರುತಿಸಿದ್ದು ಅವನಿಗೆ ಗೊತ್ತಿಲ್ಲ.

ನೀವು ಇನ್ನೂರನೆಯ ಪುಟದವರೆಗೆ ಗುಟ್ಟು ಮುಚ್ಚಿಡಲು ಒದ್ದಾಡುತ್ತಿದ್ದೀರಿ. ಬಿಟ್ಟುಬಿಡಿ. ಓದುಗರಿಗೆ ಮೂವತ್ತನೆಯ ಪುಟದಲ್ಲೇ ತಿಳಿಯಲಿ. ಇವನು ಯಾರು ಎನ್ನುವುದು ಒಂದು ಸಲ ಕೆಲಸ ಮಾಡುವ ಗುಟ್ಟು. ಇವನನ್ನು ಯಾರ್‍ಯಾರು ಗುರುತಿಸಿದ್ದಾರೆ, ಗುರುತಿಸಿಯೂ ಏಕೆ ಬಾಯಿ ಬಿಡುತ್ತಿಲ್ಲ ಎನ್ನುವುದು ಕೊನೆಯವರೆಗೂ ಎಳೆದುಕೊಂಡು ಹೋಗುತ್ತದೆ. ಊರಿನವರ ಮೌನಕ್ಕಿಂತ ದೊಡ್ಡ ಸಸ್ಪೆನ್ಸ್ ನನಗಂತೂ ಗೊತ್ತಿಲ್ಲ. ಸೊಸೆಯಾಗಿ ಬಂದ ಮನೆಯಲ್ಲಿ ಹತ್ತು ವರ್ಷದ ಮೇಲೆ ತಿಳಿದ ಸಂಗತಿಗಳಿವೆ, ಎಲ್ಲರಿಗೂ ಮೊದಲೇ ಗೊತ್ತಿದ್ದವು.

ತೊಗರಿ ಹೊಲ:
ಅಕ್ಕಾ, ತಾಯಿ ನನ್ನ ಹಸ್ತಪ್ರತಿಯಲ್ಲಿ ಎರಡನೆಯ ಅಧ್ಯಾಯದಲ್ಲೇ ಸತ್ತಿದ್ದಾಳೆ. ಆದರೆ ಈಗ ಅವಳನ್ನು ಸಾಯಿಸಲು ಕೈ ಬರುತ್ತಿಲ್ಲ. ಒಂದು ತೊಡಕು: ಮಗ ಸತ್ತನೆಂದು ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದರೆ ತಾಯಿ ಬದುಕಿದ್ದರೆ ಅವಳೇ ತಾನೇ ಸಾಕ್ಷಿ ಹೇಳಬೇಕು? ಇಲ್ಲಿ ವಕೀಲರು ಯಾರಾದರೂ ಇದ್ದೀರಾ?

ಕರಿ ಕೋಟು:
ಇದ್ದೇನೆ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ.

ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಬರಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿ ಇಲ್ಲವೆಂದಾದರೆ ಆ ವ್ಯಕ್ತಿ ಸತ್ತಿದ್ದಾನೆಂದು ನ್ಯಾಯಾಲಯ ಭಾವಿಸಬಹುದು. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ 108ನೆಯ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111. ‘ಯಾರಿಗೆ ಸುದ್ದಿ ಬರಬೇಕಿತ್ತೋ ಅವರು’ ಎಂದರೆ ಇಲ್ಲಿ ತಾಯಿ. ಹುಡುಗ ಹೋದದ್ದು 2001ರಲ್ಲಿ, ಏಳು ವರ್ಷ ತುಂಬುವುದು 2008ಕ್ಕೆ. ಆಗ ಅವಳು ಕಟಕಟೆ ಹತ್ತಿ ‘ನನಗೆ ಸುದ್ದಿಯೇ ಬಂದಿಲ್ಲ’ ಎಂದಿರಬೇಕು.

ಸಾವಕಾರನಿಗೆ ಇದೆಲ್ಲ ಏಕೆ ಬೇಕಾಯಿತು? ಅಪ್ಪನ ನಂತರ ಹೊಲ ಹೆಂಡತಿಗೂ ಮಗನಿಗೂ ಬರುತ್ತದೆ. ಪಿತ್ರಾರ್ಜಿತವಾಗಿದ್ದರೆ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆ ತತ್ವವನ್ನು ಮಿತಾಕ್ಷರವೆಂಬ ಹಳೆಯ ಧರ್ಮಶಾಸ್ತ್ರ ಗ್ರಂಥದಲ್ಲಿ ಬರೆದ ವಿಜ್ಞಾನೇಶ್ವರನ ಮರ್ತೂರು ನಿಮ್ಮ ಮಲ್ಲಪ್ಪನ ಊರಿನಿಂದ ಬಹಳ ದೂರವೇನೂ ಇಲ್ಲ. ಮಗ ಬದುಕಿರುವಾಗ ತಾಯಿ ಮಾರಿದ್ದು ಅವಳ ಪಾಲಿಗಷ್ಟೇ ಅಂಟುತ್ತದೆ. ಎಂಟು ಎಕರೆ ಪೂರ್ತಿ ಬೇಕೆಂದರೆ ಮಗ ಕಾಗದದಲ್ಲಿ ಸಾಯಬೇಕು. ಸತ್ತನೆಂದು ನ್ಯಾಯಾಲಯದ ಡಿಕ್ರಿ, ಆಮೇಲೆ ತಾಯಿಯ ಹೆಸರಿಗೆ ಫೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), 2009ರಲ್ಲಿ ತಾಯಿಯಿಂದ ಖರೀದಿ ಪತ್ರ. ಎಲ್ಲವೂ ಕ್ರಮಬದ್ಧ. ಹುಡುಗ ಕೋರ್ಟಿಗೆ ಬಂದು ನಿಂತರೆ ಡಿಕ್ರಿಯ ಬುನಾದಿ ಕುಸಿಯುತ್ತದೆ, ಏಕೆಂದರೆ ಅದು ಬರೀ ಊಹೆ, ಜೀವಂತ ಮನುಷ್ಯನ ಎದುರು ನಿಲ್ಲುವುದಿಲ್ಲ. ಅವನು ಬದುಕಿರುವುದೇ ಸಾವಕಾರನಿಗೆ ಅಪಾಯ. ಚಾಕು ಬೇಕಾಗಿಲ್ಲ.

ಆದರೆ ಕಾಲಮಿತಿ ಇದೆ. 2009ರಿಂದ ಹನ್ನೆರಡು ವರ್ಷ ಬಹಿರಂಗವಾಗಿ ಅನುಭವಿಸಿದ್ದೇನೆ, 2021ಕ್ಕೆ ಅವನ ಹಕ್ಕು ಮುಗಿಯಿತು ಎಂದು ಎದುರಾಳಿ ವಕೀಲರು ವಾದಿಸುತ್ತಾರೆ. ಇದಕ್ಕೆ ಉತ್ತರ ಮೋಸ. ಮೋಸವನ್ನು ಮುಚ್ಚಿಟ್ಟಿದ್ದರೆ ಅದು ತಿಳಿದ ದಿನದಿಂದ ಕಾಲ ಲೆಕ್ಕವಾಗುತ್ತದೆ. ಖರೀದಿ ಪತ್ರ ರದ್ದು ಮಾಡಿಸಲು ವಿಷಯ ತಿಳಿದ ಮೇಲೆ ಮೂರು ವರ್ಷ. ಆದ್ದರಿಂದ ಮಲ್ಲಪ್ಪನಿಗೆ ಈ ಮಾರಾಟದ ವಿಷಯ ಯಾವಾಗ ತಿಳಿಯಿತು ಎಂಬುದೇ ಮೊಕದ್ದಮೆಯ ಪ್ರಾಣ. ಕೊಲೆಗೆ ಮಾತ್ರ ಕಾಲಮಿತಿ ಇಲ್ಲ. ಎಷ್ಟು ವರ್ಷದ ಮೇಲಾದರೂ ಹೊಸ ಸಾಕ್ಷ್ಯ ಬಂದರೆ ತನಿಖೆ ನಡೆಯಬಹುದು.

2001ರಲ್ಲಿ ಆ ಹೆಂಗಸು ಏನೂ ಮಾಡಲಿಲ್ಲವೇಕೆ ಎಂದು ಯಾರಾದರೂ ಕೇಳಿದರೆ: ಹೈಕೋರ್ಟಿನ ಸಂಚಾರಿ ಪೀಠ ಗುಲ್ಬರ್ಗಕ್ಕೆ ಬಂದದ್ದೇ 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅದಕ್ಕೂ ಮೊದಲು ಬೆಂಗಳೂರಿಗೆ ಹೋಗಬೇಕಿತ್ತು. ಯಾರು ಕರೆದುಕೊಂಡು ಹೋಗುತ್ತಿದ್ದರು?

ಸುರಪುರದ ಸೊಸೆ:
ವಕೀಲ ಸಾಹೇಬರೇ, ಅವಳಿಗೆ ಸುದ್ದಿ ಬಂದಿತ್ತು ಎಂದಿಟ್ಟುಕೊಳ್ಳಿ. ಬಂದಿದ್ದರೂ ಬಂದಿಲ್ಲ ಎಂದಳು. ಆಗ?

ಕರಿ ಕೋಟು:
ಆಗ ಅದು ನ್ಯಾಯಾಲಯದಲ್ಲಿ ಕೊಟ್ಟ ಸುಳ್ಳು ಸಾಕ್ಷ್ಯ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಿಗೆ ಕಾಲಮಿತಿಯ ರಕ್ಷಣೆ ಇಲ್ಲ. ನ್ಯಾಯಾಲಯವೇ ದೂರು ಕೊಡಬೇಕೆಂಬ ನಿಯಮ ಇದೆ, ಮುದುಕಿಯ ಮೇಲೆ ಕೊಡುತ್ತದೋ ಇಲ್ಲವೋ ಬೇರೆ ಮಾತು. ಆದರೆ ಸಾವಕಾರನ ವಕೀಲರಿಗೆ ಅಷ್ಟು ಸಾಕು. ‘ನನ್ನ ಕಕ್ಷಿದಾರ ಡಿಕ್ರಿ ನಂಬಿ ದುಡ್ಡು ಕೊಟ್ಟು ಕೊಂಡವನು, ಮೋಸ ಮಾಡಿದವಳು ಇವನ ತಾಯಿ’ ಎನ್ನುತ್ತಾರೆ.

ಸುರಪುರದ ಸೊಸೆ:
ಕಾದಂಬರಿ ಇಲ್ಲಿದೆ ನೋಡಿ. ಅವಳು ಸುಳ್ಳು ಹೇಳಿದ್ದು ದುಡ್ಡಿಗಲ್ಲ. ಮಗ ಕಂಡದ್ದನ್ನು ಸಾವಕಾರನೂ ತಿಳಿದಿದ್ದಾನೆ. ಬದುಕಿದ್ದಾನೆಂದು ಗೊತ್ತಾದರೆ ಹುಡುಕಿಸುತ್ತಾನೆ. ಸತ್ತ ಎಂದು ನ್ಯಾಯಾಧೀಶರ ಮುಂದೆ ಹೇಳಿಬಿಟ್ಟರೆ ಹುಡುಕುವುದನ್ನು ನಿಲ್ಲಿಸುತ್ತಾನೆ. ಹೊಲ ಕೊಟ್ಟು ಮಗನನ್ನು ಉಳಿಸಿಕೊಂಡಳು. ಮಗ ಇದ್ಯಾವುದೂ ಗೊತ್ತಿಲ್ಲದೆ ಹೊಲಕ್ಕಾಗಿ ತಿರುಗಿ ಬಂದಿದ್ದಾನೆ.

ಅವನು ಸೇಡು ತೀರಿಸಬೇಕಾದರೆ ಮೊದಲು ತಾಯಿಯ ಸುಳ್ಳನ್ನು ಒಡೆಯಬೇಕು.

ರಾತ್ರಿ ರೈಲು:
ಕಣ್ಣೀರು ಬಂತು, ಒಪ್ಪಿದೆ. ಆದರೆ ಇದು ಧಾರಾವಾಹಿಯ ಕಡೆ ವಾಲುತ್ತಿದೆ. ತಾಯಿ ಕಟಕಟೆಯಲ್ಲಿ ನಿಂತು ಅಳುವ ದೃಶ್ಯ ಮೂವತ್ತು ಕಂತು ಬರುತ್ತದೆ. ಅಪಾಯ ಎಲ್ಲಿದೆ? ಸಾವಕಾರ ಇಡೀ ಕಥೆಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹಣ ಎಣಿಸುತ್ತಿದ್ದರೆ ಭಯ ಯಾರಿಗೆ ಆಗುತ್ತದೆ? ಅವನೂ ಏನಾದರೂ ಮೂಸಿ ನೋಡಬೇಕು.

ಗಂಜ್ ಗುಮಾಸ್ತ:
ಇದು ಸರಿಯಾದ ಮಾತು. ಗಂಜಿನ ಸಾವಕಾರ ದಡ್ಡನಲ್ಲ. ಕೈಯಲ್ಲಿ ನಾಲ್ಕು ಕಾಳು ಹಿಡಿದು ಯಾವ ಹೋಬಳಿಯ ತೊಗರಿ ಎಂದು ಹೇಳಬಲ್ಲವನು ಮನುಷ್ಯನನ್ನು ತೂಗದೆ ಕೀಲಿ ಕೊಡುತ್ತಾನೆಯೇ? ಒಳ್ಳೆಯತನ ಕಂಡು ಕೊಟ್ಟನೆಂದು ಬರೆಯಬೇಡ. ಅನುಮಾನ ಬಂದೇ ಕೊಟ್ಟ ಎಂದು ಬರೆ. ಕೀಲಿ ಇದ್ದವನು ರಾತ್ರಿ ಎಲ್ಲಿಗೆ ಹೋಗುತ್ತಾನೆ, ಯಾವ ಕಪಾಟು ಮುಟ್ಟುತ್ತಾನೆ ಎಂದು ನೋಡುವುದಕ್ಕೆ. ಹೆಗಲನ್ನೂ ನೋಡಿರುತ್ತಾನೆ. ಹದಿನೆಂಟರಿಂದ ಚೀಲ ಹೊತ್ತವನ ಕುತ್ತಿಗೆಯ ಹಿಂದೆ ಚರ್ಮ ದಪ್ಪಗಾಗಿರುತ್ತದೆ. ಮುಂಬೈಯಲ್ಲಿ ಕಟ್ಟಡದ ಕೆಲಸ ಮಾಡಿದವನಿಗೆ ಅದು ಇರುವುದಿಲ್ಲ, ಅಂಗೈ ಮಾತ್ರ ಒರಟು.

ತೊಗರಿ ಹೊಲ:
ಕಾಕಾ, ಕೀಲಿಯ ಅಧ್ಯಾಯವನ್ನು ಈ ರಾತ್ರಿಯೇ ತಿರುಗಿ ಬರೆಯುತ್ತೇನೆ. ಸಾವಕಾರನಿಗೆ ಅನುಮಾನ ಇದೆ, ಸಾಕ್ಷಿ ಇಲ್ಲ. ಸಾಕ್ಷಿ ಹುಡುಕುತ್ತಿದ್ದಾನೆ. ಮಗನೂ ಸಾಕ್ಷಿ ಹುಡುಕುತ್ತಿದ್ದಾನೆ. ಇಬ್ಬರೂ ಹುಡುಕುತ್ತಿರುವುದು ಒಂದೇ ವಸ್ತುವಾಗಿದ್ದರೆ ಚೆನ್ನ. ತಾಯಿಗೆ ಸುದ್ದಿ ಬಂದಿತ್ತು ಎಂದು ತೋರಿಸುವ ವಸ್ತು. ಆದರೆ 2005ರ ಸುಮಾರಿಗೆ ಮುಂಬೈಯಿಂದ ಹಳ್ಳಿಯ ಓದು ಬಾರದ ಹೆಂಗಸಿಗೆ ಸುದ್ದಿ ಹೇಗೆ ಬರುತ್ತದೆ? ಮನೆಯಲ್ಲಿ ಫೋನ್ ಇರಲಾರದು. ಕಾಗದ ಬರೆದರೆ ಓದಿಸಬೇಕು.

ಹಳೆಯ ಪೋಸ್ಟ್‌ಮಾಸ್ಟರ್:
ಮನಿ ಆರ್ಡರ್.

ಗುಳೆ ಹೋದವರ ಮನೆಗಳಿಗೆ ನಾನು ಎಷ್ಟು ಹಂಚಿಸಿದ್ದೇನೋ ಲೆಕ್ಕವಿಲ್ಲ. ಪುಣೆ, ಮುಂಬೈ, ಗೋವಾ, ಹೈದರಾಬಾದ್. 2015ರಲ್ಲಿ ಆ ಹಳೆಯ ಪದ್ಧತಿ ನಿಂತಿತು. ಈಗಿನ ಹುಡುಗರಿಗೆ ಫಾರಂ ಹೇಗಿತ್ತೆಂದೂ ತಿಳಿಯದು, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಕಳಿಸುವವನು ಒಂದೇ ಫಾರಂ ತುಂಬುತ್ತಾನೆ, ಅದರಲ್ಲಿ ಹರಿದು ಬೇರೆ ಮಾಡುವ ಭಾಗಗಳಿರುತ್ತವೆ. ಒಂದು ಚಿಕ್ಕ ತುಂಡಿನಲ್ಲಿ ನಾಲ್ಕು ಮಾತು ಬರೆಯಲು ಜಾಗ. ಹಣ ಪಡೆದವರಿಗೆ ಪೋಸ್ಟ್‌ಮ್ಯಾನ್ ಆ ತುಂಡನ್ನು ಕೊಟ್ಟುಬಿಡುತ್ತಾನೆ. ಇನ್ನೊಂದು ಸ್ವೀಕೃತಿ. ಹಣ ಪಡೆದವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡ ಮೇಲೆ ಅದು ಕಳಿಸಿದವನಿಗೆ ಹಿಂದಿರುಗಿ ಹೋಗುತ್ತದೆ.

ನಿಮ್ಮ ಹುಡುಗ ಮಲ್ಲಪ್ಪ ಎಂಬ ಹೆಸರಿನಲ್ಲೇ ತಾಯಿಗೆ ಹಣ ಕಳಿಸಿದ ಎನ್ನಿ. ತಾಯಿಯ ಹೆಬ್ಬೆಟ್ಟು ಇರುವ ಸ್ವೀಕೃತಿಗಳು ತಿಂಗಳು ತಿಂಗಳು ಅವನ ಕೈ ಸೇರುತ್ತವೆ. ಅವಳು ಬದುಕಿದ್ದಾಳೆ ಎಂಬುದಕ್ಕೆ ಅವನಿಗಿರುವ ಗುರುತು ಅದೊಂದೇ, ಹಾಗಾಗಿ ಬಿಸಾಡುವುದಿಲ್ಲ, ಕಟ್ಟಿ ಇಟ್ಟುಕೊಳ್ಳುತ್ತಾನೆ. ಈಗ ಅದೇ ಕಟ್ಟು ತಾಯಿ ಸುಳ್ಳು ಹೇಳಿದಳೆಂದು ತೋರಿಸುವ ದಾಖಲೆ. ಸಾವಕಾರ ಗೋದಾಮಿನಲ್ಲಿ ಮಲಗಿದವನ ಟ್ರಂಕು ತೆಗೆಸಿ ನೋಡಿದರೆ ಮುಗಿಯಿತು.

ಕರಿ ಕೋಟು:
ಬಹಳ ಚೆನ್ನಾಗಿದೆ, ಬಹಳ ಕೆಟ್ಟದ್ದೂ ಹೌದು. ಕಾಲಮಿತಿಯ ಪ್ರಶ್ನೆಗೂ ಅದು ಬಂದು ತಾಗುತ್ತದೆ. ತಾಯಿಯೊಡನೆ ಸಂಪರ್ಕವಿತ್ತು ಎಂದಾದರೆ ಮಾರಾಟದ ವಿಷಯ 2009ರಲ್ಲೇ ಅವನಿಗೆ ತಿಳಿದಿರಬೇಕಲ್ಲವೇ ಎಂದು ಕೇಳುತ್ತಾರೆ. ತಿಳಿದಿರಲಿಲ್ಲ ಎಂದು ಅವನು ಸಾಬೀತು ಮಾಡಬೇಕು. ಒಂದೇ ಕಟ್ಟು ಅವನ ಕೊರಳಿಗೂ ತಾಯಿಯ ಕೊರಳಿಗೂ ಬಿತ್ತು. ಸುಟ್ಟುಬಿಟ್ಟರೆ? ಆಗ ತಾಯಿ ಪಾರಾಗುತ್ತಾಳೆ, ಆದರೆ ಮಲ್ಲಪ್ಪನೆಂಬವನೇ ಆ ಮಗ ಎಂದು ಜೋಡಿಸುವ ಕೊಂಡಿಯೂ ಹೋಗುತ್ತದೆ. ಡಿಎನ್‌ಎ ಪರೀಕ್ಷೆಯಿಂದ ಸಂಬಂಧ ತೋರಿಸಬಹುದು, ಅದಕ್ಕೆ ತಾಯಿ ಮುಂದೆ ಬರಬೇಕು. ಅವಳು ಬರುತ್ತಾಳೆಯೇ?

ಸುರಪುರದ ಸೊಸೆ:
ಬರುತ್ತಾಳೆ. ಮಗನಿಗಾಗಿ ಒಮ್ಮೆ ಸುಳ್ಳು ಹೇಳಿದವಳು ಅದೇ ಮಗನಿಗಾಗಿ ಅದನ್ನು ಒಪ್ಪಿಕೊಳ್ಳುವುದಿಲ್ಲವೇ? ಬೇಡವೆನ್ನಬೇಕಾದವನು ಮಗ. ಕೊಲ್ಲಬೇಕೋ ಬೇಡವೋ ಎಂದು ಕೇಳಿದ್ದಿರಲ್ಲ, ಸಾವಕಾರನ ವಿಷಯ ಆಮೇಲೆ. ತಾಯಿಯನ್ನು ಕಟಕಟೆಗೆ ಹತ್ತಿಸುತ್ತಾನೋ ಇಲ್ಲವೋ, ಅದನ್ನು ಮೊದಲು ತೀರ್ಮಾನಿಸಿ.

ರಾತ್ರಿ ರೈಲು:
ಸರಿ, ಟ್ರಂಕು ಹುಡುಕುವ ರಾತ್ರಿ ನನಗೆ ಹಿಡಿಸಿತು. ಆದರೂ ವಾಡಿ ಜಂಕ್ಷನ್ ಬಿಡಬೇಡಿ. ಕಟ್ಟು ಹಿಡಿದುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಲಿ, ಇಳಿಯಲಿ, ಏನಾದರೂ ಮಾಡಲಿ.

ಹಳೆಯ ಪೋಸ್ಟ್‌ಮಾಸ್ಟರ್:
ಒಂದು ವಿಷಯ ಹೇಳುವುದು ಉಳಿದಿತ್ತು. ಸಹಿ ಬಾರದವರಿಗೆ ಹಣ ಕೊಡುವಾಗ ಹೆಬ್ಬೆಟ್ಟು ಒಂದೇ ಸಾಲದು. ಅಕ್ಷರ ಬಲ್ಲ ಒಬ್ಬರು ಪಕ್ಕದಲ್ಲಿ ಸಾಕ್ಷಿ ಸಹಿ ಹಾಕಬೇಕು. ಪ್ರತಿ ಸಲವೂ. ಹಳ್ಳಿಯಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಒಬ್ಬನೇ ಸಿಗುತ್ತಾನೆ, ಅವನೇ ಖಾಯಂ ಆಗುತ್ತಾನೆ. ಅಂದರೆ ತಾಯಿಗೆ ಮುಂಬೈಯಿಂದ ಹಣ ಬರುವುದು ಊರಲ್ಲಿ ಇನ್ನೊಬ್ಬನಿಗೆ ಮೊದಲಿನಿಂದಲೂ ಗೊತ್ತು. 2008ರಲ್ಲಿ ಅವಳು ನ್ಯಾಯಾಲಯದಲ್ಲಿ ಏನು ಹೇಳಿದಳೆಂದೂ ಅವನಿಗೆ ಗೊತ್ತು. ನಿಮ್ಮ ಕಾದಂಬರಿಯಲ್ಲಿ ಆ ಸಾಕ್ಷಿ ಯಾರು?

ತೊಗರಿ ಹೊಲ:
ಗುಮಾಸ್ತ ಕಾಕಾ ಮೊದಲ ದಿನ ಕೇಳಿದ ಪ್ರಶ್ನೆ ಇತ್ತಲ್ಲ, ಗಂಜಿನಲ್ಲಿ ಮಲ್ಲಪ್ಪನನ್ನು ಗೊತ್ತು ಎಂದವರು ಯಾರು ಎಂದು. ಅವನೇ. ಅದೇ ಊರಿನವನು, ಏಳನೆಯ ತರಗತಿ ಓದಿದವನು, ಈಗ ಸಾವಕಾರನ ಅಂಗಡಿಯ ಮುಕಾದಮ.

ಗಂಜ್ ಗುಮಾಸ್ತ:
ಭಲೇ. ಹಾಗಾದರೆ ಆ ಮುಕಾದಮನ ಹೆಸರಿನಲ್ಲಿ ಸಾವಕಾರನ ಖಾತೆಯಲ್ಲಿ ಎಷ್ಟು ಮುಂಗಡ ಬಾಕಿ ಇದೆ ಎಂದು ಮೊದಲು ಬರೆದುಕೊ. ಮಗಳ ಮದುವೆಗೆ ತೆಗೆದದ್ದೋ ಮನೆಗೆ ತೆಗೆದದ್ದೋ ನೋಡಿ ಬರೆ. ಬಾಕಿ ಜಾಸ್ತಿ ಇದ್ದರೆ ಟ್ರಂಕಿನ ಸುದ್ದಿ ಸಾವಕಾರನಿಗೆ ಯಾವ ಅಧ್ಯಾಯದಲ್ಲಿ ಮುಟ್ಟುತ್ತದೆ ಎಂದು ನಾನೇ ಹೇಳಿಕೊಡುತ್ತೇನೆ.